ಉಡದಾರದ ಕೆಳಗೆ

ಮನುಷ್ಯನ ಮೈಗೂ ಒಂದು ಗಡಿ ಇದೆ ಎಂದು ನನಗೆ ತಿಳಿದದ್ದು ಬನಹಟ್ಟಿಯ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ ದಿನ. ಅದು ಸೊಂಟದ ಹತ್ತಿರ ಇದೆ. ಗಡಿಯ ಮೇಲೆ ಊರು. ಗಡಿಯ ಕೆಳಗೆ ಕೇರಿ.

"ಉಡದಾರದ ಮ್ಯಾಲ ಪೂನಮ್ ನೋಡಕೋತಾಳ. ಉಡದಾರದ ಕೆಳಗ ನೀ," ಎಂದರು ಮ್ಯಾನೇಜರ್ ಪರಮೇಶ. ಮುಧೋಳ ಕಡೆಯ ಮನುಷ್ಯ. ಹಣೆಗೆ ಗಂಧ, ಕಿಸೆಯಲ್ಲಿ ಸ್ಯಾನಿಟೈಜರ್ ಬಾಟಲಿ.

"ಹೆಂಗಸರಿಗೆ ಉಡದಾರ ಇರೂದಿಲ್ಲಲ್ರಿ?" ಎಂದೆ.

ಅವರು ಛಾವಣಿ ನೋಡಿ ಯೋಚನೆ ಮಾಡಿದರು. "ಅವರಿಗೆ ಲಂಗದ ಲಾಡಿ."

ಮೇಲಿನ ಕೆಲಸವೆಂದರೆ ಊಟ ಮಾಡಿಸುವುದು, ಗುಳಿಗೆ ಕೊಡುವುದು, ಮುಖ ಒರೆಸುವುದು, ತಲೆ ಬಾಚುವುದು. ಕೆಳಗಿನ ಕೆಲಸವೆಂದರೆ ಉಳಿದದ್ದೆಲ್ಲ. ಪೂನಮ್ ಮತ್ತು ನಾನು ಜಮಖಂಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ನರ್ಸಿಂಗ್ ಸಹಾಯಕಿಯರ ತರಬೇತಿ ಮುಗಿಸಿದವರು. ಒಂದೇ ರಬ್ಬರ್ ಗೊಂಬೆಯ ಕುಂಡಿ ತೊಳೆದು ಪಾಸಾದವರು. ಆ ಗೊಂಬೆಗೆ ಉಡದಾರ ಇರಲಿಲ್ಲ. ಅವಳು ರಬಕವಿಯ ಪೇಟೆಯವಳು, ನಾನು ಅದೇ ರಬಕವಿಯ ಮಾದರ ಓಣಿಯವಳು. ಪರಮೇಶರಿಗೆ ಅಷ್ಟು ವ್ಯತ್ಯಾಸ ಸಾಕಾಯಿತು.

ನನ್ನ ಹೆಸರು ಸಾವಕ್ಕ. ಅಜ್ಜಿ ಸಾವಂತ್ರೆವ್ವನ ಹೆಸರನ್ನು ನಮ್ಮಪ್ಪ ಪರಸಪ್ಪ ಚಿಕ್ಕದು ಮಾಡಿ ನನಗಿಟ್ಟ. ವೃದ್ಧಾಶ್ರಮದ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಹೆಸರು ಹುಡುಕಿದರೂ ಸಿಗುವುದಿಲ್ಲ. ಪರಮೇಶ ಕೇಳಿದ ಕೂಡಲೇ ಕೈ ಮುಗಿದುಬಿಟ್ಟರು.

"ಮುಂಜಾನೆದ್ದು 'ಸಾವಕ್ಕಾ ಬಾ' ಅಂತ ಯಾ ಮುದುಕ ಕರೀತಾನವ್ವಾ? ಸಾವು ಮೊದಲ ಬಾಗಿಲದಾಗ ನಿಂತಿರತೈತಿ. ನಾವ ಕೂಗಿ ಕರದಾಂಗ ಆಗತೈತಿ."

ಹೀಗೆ ನನ್ನ ಹೆಸರು ಹೋಯಿತು. ಎಲ್ಲರ ಬಾಯಲ್ಲೂ ನಾನು 'ಕೆಳಗಿನಾಕಿ' ಆದೆ. ಕೆಳಗಿನಾಕಿ, ಇಲ್ಲಿ ಒದ್ದೆ ಆಗೇತಿ. ಕೆಳಗಿನಾಕಿ, ಅಲ್ಲಿ ನಾತ ಬರಾಕತ್ತೈತಿ.

ಆಶ್ರಮ ಮೊದಲು ನೂಲಿನ ಗೋದಾಮಾಗಿತ್ತು. ನಡುವೆ ಎದೆಮಟ್ಟದ ಪ್ಲೈವುಡ್ ಗೋಡೆ ಹಾಕಿ ಈ ಕಡೆ ಗಂಡಸರು, ಆ ಕಡೆ ಹೆಂಗಸರು ಎಂದು ಮಾಡಿದ್ದರು. ಮೈ ದಾಟಬಾರದು, ಮಾತು ದಾಟಬಹುದು. ಪಕ್ಕದ ಗೋಡೆಗೇ ಪವರ್‌ಲೂಮ್. ಹಗಲೆಲ್ಲ ಮಗ್ಗಗಳ ಖಟಾಖಟ್. ಮೊದಮೊದಲು ತಲೆ ನೋಯುತ್ತಿತ್ತು. ಆಮೇಲೆ ಅದರ ಉಪಕಾರ ಗೊತ್ತಾಯಿತು. ಕರೆಂಟ್ ಹೋಗಿ ಮಗ್ಗ ನಿಂತರೆ ಯಾರು ಹೂಸು ಬಿಟ್ಟರು ಎಂದು ಇಡೀ ಗೋದಾಮಿಗೆ ಕೇಳುತ್ತದೆ.

ಗಡಿ ಎಂದ ಮೇಲೆ ತಂಟೆ ಇದ್ದೇ ಇರುತ್ತದೆ. ಹೊಕ್ಕಳು ಯಾರ ಪಾಲಿಗೆ? ಪೂನಮ್ ಅದು ಕೆಳಗೆ ಎಂದಳು, ನಾನು ಅದು ಮೇಲೆ ಎಂದೆ. ಹೊಕ್ಕಳುಗಳು ತೊಳೆಯದೆ ಹಾಗೇ ಉಳಿದವು. ತೇರದಾಳದ ಬಾಳವ್ವ ಎಂಬ ಜೈನರ ಮುದುಕಿ ಇದ್ದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಆಮೇಲೆ ಎಲ್ಲರನ್ನೂ ಬೈಯಲು ಪುರುಸೊತ್ತಾಗಿ ಕೂರುತ್ತಿದ್ದಳು. ಅವಳ ಮೊಲೆಗಳು ಲಂಗದ ಲಾಡಿ ದಾಟಿ ಕೆಳಗೆ ಬಂದಿದ್ದವು. ಅವುಗಳ ಕೆಳಗೆ ಬೆವರುಸಾಲೆ ಎದ್ದು ಅವಳು ಕೆರೆದುಕೊಳ್ಳುತ್ತಿದ್ದಳು. ಪೂನಮ್ ನನ್ನನ್ನು ನೋಡಿದಳು. ನಾನು ಪೂನಮ್‌ಳನ್ನು ನೋಡಿದೆ.

"ಹುಟ್ಟಿದ್ದು ಮ್ಯಾಲ, ಬಂದು ನಿಂತಿದ್ದು ಕೆಳಗ," ಎಂದಳು ಬಾಳವ್ವ. "ಎರಡೂ ಊರಿನ ರೇಶನ್ ಕಾರ್ಡ ಅದಾವ ಅವಕ್ಕ. ಯಾರರ ಒಬ್ಬರು ತೊಳೀರಬೇ."

ವಾಂತಿಯ ತಕರಾರು ಪರಮೇಶರ ತನಕ ಹೋಯಿತು. ಬಾಯಿಂದ ಬಂದದ್ದು, ಹಾಗಾಗಿ ಮೇಲಿನದು ಎಂದು ನನ್ನ ವಾದ. ಅವರು ನ್ಯಾಯ ಹೇಳಿದರು: "ಬಾಯಿಂದ ಬಂದ್ರೂ ನೆಲಕ್ಕ ಬಿದ್ದಮ್ಯಾಲ ನಿಂದು."

ನಾನು ನಗುತ್ತಿದ್ದೆ. ಅಳುವುದಕ್ಕಿಂತ ಅದು ಅಗ್ಗ. ಕೆಲಸ ಮಾತ್ರ ನಗುವ ಕೆಲಸವಲ್ಲ. ಮುದುಕನ ಮೈ ಎಂದರೆ ಒದ್ದೆ ಹತ್ತಿ ತುಂಬಿದ ಅಂಡಿಗೆ ಚೀಲ. ಮಗ್ಗುಲಾಗಿ ಹೊರಳಿಸಬೇಕು. ಒಂದು ಮೊಣಕಾಲನ್ನು ಮಂಚಕ್ಕೆ ಒತ್ತು ಕೊಟ್ಟು, ಒಂದು ಕೈಯಲ್ಲಿ ಅವನ ತೊಡೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಒರೆಸಬೇಕು. ಬೆಚ್ಚಗಿನ ನೀರು. ಸಾಬೂನು. ಮತ್ತೆ ನೀರು. ಚರ್ಮದ ಒಂದೊಂದು ಮಡಿಕೆಯನ್ನೂ ಬಿಡಿಸಿ ಒಣಗಿಸಬೇಕು. ಒದ್ದೆ ಉಳಿದರೆ ಹುಣ್ಣು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಗ್ಲೌಸ್ ಹರಿದರೆ ಹೊಸದು ಕೇಳಬಾರದು. ಸಂಜೆ ನನ್ನ ನಡು ನನ್ನದಲ್ಲ. ಮನೆಯಲ್ಲಿ ರೊಟ್ಟಿ ಮುರಿಯುವಾಗ ಬೆರಳಿನಿಂದ ಡೆಟ್ಟಾಲ್ ವಾಸನೆ ಬರುತ್ತದೆ. ಅದನ್ನೇ ತಿನ್ನುತ್ತೇನೆ.

ತರಬೇತಿಯಲ್ಲಿ ಒಂದು ಮಾತು ಕಲಿಸಿದ್ದರು. ಕೈ ಹಚ್ಚುವ ಮೊದಲು ಹೇಳಿ ಹಚ್ಚಬೇಕು. ಹೇಳದೆ ಮುಟ್ಟಿದರೆ ಮನುಷ್ಯ ಬೆಚ್ಚುತ್ತಾನೆ. ಅದಕ್ಕೇ ನಾನು ಪ್ರತಿಯೊಂದು ಮಂಚದ ಮುಂದೆ ನಿಂತು "ಮುಟ್ಟತೇನ್ರಿ" ಎನ್ನುತ್ತಿದ್ದೆ. ಮಾದರ ಓಣಿಯ ಹೆಣ್ಣುಮಗಳು ಮನೆಮನೆಯ ಮುಂದೆ ನಿಂತು ಹೀಗೆ ಅಂದಿದ್ದರೆ ನಮ್ಮಜ್ಜಿಯ ಕಾಲದಲ್ಲಿ ಪಂಚಾಯಿತಿ ಕೂರುತ್ತಿತ್ತು. ಇಲ್ಲಿ "ಹೂಂ, ಲಗೂ ಮುಟ್ಟು" ಎನ್ನುತ್ತಿದ್ದರು.

ಆದರೆ ಆ ಪರವಾನಗಿ ಗಡಿಯ ತನಕ ಮಾತ್ರ. ಕುಡಿಯುವ ನೀರಿನ ತಂಬಿಗೆ ಗಡಿಯ ಮೇಲಿನದು.

ಸಾವಳಗಿಯ ಗಿರಮಲ್ಲಪ್ಪ ನನಗೆ ಅದನ್ನು ಚೆನ್ನಾಗಿ ತಿಳಿಸಿಕೊಟ್ಟ. ಒಂದು ಕಾಲಕ್ಕೆ ದೊಡ್ಡ ಕುರಿಹಿಂಡಿನ ಯಜಮಾನ, ಬೀರದೇವರ ಭಕ್ತ. ಲಕ್ವಾ ಹೊಡೆದು ಎಡಗಡೆ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಎರಡೂ ಕಡೆ ನೆಟ್ಟಗಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ನಾನು ಅವನನ್ನು ಹೊರಳಿಸಿ ತೊಳೆಯುತ್ತಿದ್ದೆ. ಬಾಯಿ ಒಣಗಿ "ನೀರು, ನೀರು" ಎಂದ. ತಂಬಿಗೆ ಪಕ್ಕದ ಸ್ಟೂಲಿನ ಮೇಲಿತ್ತು. ಪೂನಮ್ ಅಡುಗೆಮನೆಯಲ್ಲಿದ್ದಳು. ನಾನು ಗ್ಲೌಸ್ ಕಳಚಿ, ಕೈ ತೊಳೆದು, ತಂಬಿಗೆಗೆ ಕೈ ಚಾಚಿದೆ.

"ನೀ ಬ್ಯಾಡ," ಎಂದ. "ಪೂನಮ್‌ನ ಕರಿ."

ಅವನ ಕುಂಡಿ ಇನ್ನೂ ನನ್ನ ಮೊಣಕಾಲಿಗೆ ಆತುಕೊಂಡಿತ್ತು. ಒರಗಿಕೊಳ್ಳಲು ನಾನು ಬೇಕು. ನೀರಿಗೆ ನಾನು ಬೇಡ. ನಾನು ಗೋಡೆಯಾಚೆಗೆ "ಪೂನಮ್" ಎಂದು ಕೂಗಿದೆ. ಮಗ್ಗದ ಸಪ್ಪಳದಲ್ಲಿ ಅವಳಿಗೆ ಕೇಳಲಿಲ್ಲ. ಅವಳು ಬರುವ ತನಕ ಮುದುಕ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತ ಮಲಗಿದ. ಆ ತಂಬಿಗೆಯನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಒದ್ದೆಯಾದರೆ ಹಾಸಿಗೆ ಬದಲಿಸುವವಳೂ ನಾನೇ.

ಅವನ ಸೊಂಟದಲ್ಲಿ ಕರಿ ಉಣ್ಣೆಯ ಉಡದಾರ ಇತ್ತು. ತನ್ನ ಹಿಂಡಿನ ಕುರಿಯ ಉಣ್ಣೆಯನ್ನು ತಾನೇ ಹೊಸೆದು, ದೇವರ ಭಂಡಾರದ ಅರಿಶಿನ ಹಚ್ಚಿ ಕಟ್ಟಿಕೊಂಡದ್ದು. ಉಣ್ಣೆ ನೀರು ಕುಡಿಯುತ್ತದೆ. ನೀರಷ್ಟೇ ಅಲ್ಲ, ಎಲ್ಲವನ್ನೂ ಕುಡಿಯುತ್ತದೆ. ಪೂನಮ್ ಮೇಲಿನಿಂದ ಒರೆಸುತ್ತ ಬಂದು ಅಲ್ಲಿಗೆ ನಿಲ್ಲುತ್ತಿದ್ದಳು. ನಾನು ಅಲ್ಲಿಂದ ಶುರು ಮಾಡುತ್ತಿದ್ದೆ. ದಾರ ಮಾತ್ರ ಯಾರ ಪಾಲಿಗೂ ಇರಲಿಲ್ಲ. ಅದು ಉಬ್ಬಿ, ಒಣಗಿ, ಮತ್ತೆ ಉಬ್ಬಿ, ಚರ್ಮದೊಳಗೆ ಇಳಿಯಿತು. ಒಂದು ದಿನ ನೋಡಿದರೆ ಸೊಂಟದ ಸುತ್ತ ಕೆಂಪು ಗೆರೆ, ಅದರಲ್ಲಿ ಕೀವು.

"ಪೂನಮ್, ಇದು ನಿಂದೋ ನಂದೋ?" ಎಂದು ಕೇಳಿದೆ.

"ನಂದಲ್ಲಪಾ," ಎಂದು ಅವಳು ಮೂಗು ಮುಚ್ಚಿಕೊಂಡಳು.

ಗಂಟು ಬಿಚ್ಚಲು ನೋಡಿದೆ. ಕಲ್ಲಾಗಿತ್ತು. ಗಿರಮಲ್ಲಪ್ಪ ನರಳಿದ. "ಅಜ್ಜಾರ, ಕತ್ತರಸಿ ತಗೀತೇನ್ರಿ?" ಎಂದೆ. "ತಗಿಯವ್ವಾ, ಉರಿಯಾಕತ್ತೈತಿ," ಎಂದ. ಕತ್ತರಿ ತಂದು ಕತ್ತರಿಸಿದೆ. ಹುಣ್ಣು ತೊಳೆದು ಮುಲಾಮು ಹಚ್ಚಿದೆ. ದಾರವನ್ನು ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಅವನ ದಿಂಬಿನ ಕೆಳಗೆ ಇಟ್ಟೆ. ಮುದುಕ ಆವತ್ತು ಗೊರಕೆ ಹೊಡೆದು ಮಲಗಿದ.

ನನಗೆ ನೆನಪಾಗಬೇಕಿತ್ತು. ನಮ್ಮ ಕಡೆ ಗಂಡಸಿನ ಉಡದಾರ ಹರಿಯುವುದು ಅವನು ಸತ್ತ ಮೇಲೆ, ಹೆಣ ಎತ್ತುವ ಮೊದಲು. ನಮ್ಮಪ್ಪನದನ್ನು ಹರಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆದರೆ ಕೀವು ನೋಡಿದಾಗ ಕೀವೇ ಕಾಣುತ್ತದೆ, ಸಂಪ್ರದಾಯ ಕಾಣುವುದಿಲ್ಲ.

ಎರಡು ದಿನಕ್ಕೆ ಅವನ ಮಗ ಮಾಳು ಬಂದ. ಸಾವಳಗಿಯಲ್ಲಿ ಕಬ್ಬು ಹೇರುವ ಟ್ರ್ಯಾಕ್ಟರುಗಳ ಮಾಲೀಕ. ಬಿಳಿ ಅಂಗಿ, ದೊಡ್ಡ ಮೊಬೈಲು. ಪೇಡೆ ತಂದಿದ್ದ. ಪೂನಮ್ ತಿನ್ನಿಸಿದಳು, ಮುದುಕ ಒಂದರ ಮೇಲೊಂದು ನುಂಗಿದ. ಮಾಳು ದೂರ ನಿಂತು ಸ್ಟೇಟಸ್ಸಿಗೆಂದು ವೀಡಿಯೋ ತೆಗೆಯುತ್ತಿದ್ದ. "ಅಪ್ಪನ್ನ ಸ್ವಲ್ಪ ಮ್ಯಾಲ ಕುಂದರಸ್ರಿ, ಮಾರಿ ಕಾಣವಲ್ದು," ಎಂದ. ಪೂನಮ್ ಕಂಕುಳಿಗೆ ಕೈ ಹಾಕಿ ಎತ್ತಿದಳು. ಬನಿಯನ್ನು ಮೇಲೆ ಸರಿಯಿತು. ಮೊಬೈಲಿನಲ್ಲಿ ಅಪ್ಪನ ಬರಿ ಸೊಂಟ ಕಂಡಿತು.

"ಉಡದಾರ ಎಲ್ಲಿ?" ಎಂದು ಕಿರುಚಿದ. "ಜೀವಂತ ಮನಷ್ಯಾನ ಉಡದಾರ ಯಾರ್ ಹರದ್ರು?"

ಪರಮೇಶ ಓಡಿ ಬಂದರು. ನಾನು ಬಕೆಟ್ ಕೆಳಗಿಟ್ಟು, "ನಾನರಿ," ಎಂದೆ.

"ನಿನ್ನ ಹೆಸರೇನು?"

"ಸಾವಕ್ಕ."

ಮಾಳು ಎರಡು ಹೆಜ್ಜೆ ಹಿಂದೆ ಸರಿದ. "ನೋಡ್ರಿ ಮ್ಯಾನೇಜರ! ಹೆಸರಾಗ ಸಾವ ಇಟಗೊಂಡಾಕಿ ನಮ್ಮಪ್ಪನ ಸಾವು ಕರದಾಳ. ಯಾರ ಪೈಕಿ ಈಕಿ?"

ಪರಮೇಶ ಅವನ ಕಿವಿಯಲ್ಲಿ ಹೇಳಿದರು. ಆ ಮಾತನ್ನು ಯಾವಾಗಲೂ ಕಿವಿಯಲ್ಲೇ ಹೇಳುತ್ತಾರೆ, ಕಾಯಿಲೆಯ ಹೆಸರು ಹೇಳಿದಂತೆ. ಮಾಳುವಿನ ಮುಖ ಇನ್ನಷ್ಟು ಕೆಂಪಾಯಿತು.

"ಹುಣ್ಣಾಗಿತ್ರಿ," ಎಂದೆ. "ಅಜ್ಜಾರ ತಗಿ ಅಂದ್ರು. ಅವರನ್ನ ಕೇಳ್ರಿ."

ಎಲ್ಲರೂ ಗಿರಮಲ್ಲಪ್ಪನನ್ನು ನೋಡಿದರು. ಅವನು ಮಗನ ಮುಖ ನೋಡಿದ. ಆಮೇಲೆ ಗೋಡೆ ನೋಡಿದ. "ನನಗ ಗೊತ್ತಿಲ್ಲ," ಎಂದ.

ಆ ಮುದುಕನ ದಿನದಿನದ ಹೇಲು ಬಳಿದವಳು ನಾನು. ಯಾವತ್ತೂ ಅಸಹ್ಯ ಅನ್ನಿಸಿರಲಿಲ್ಲ. ಆವತ್ತು ಅನ್ನಿಸಿತು.

ಪರಮೇಶ ನೆಲ ತೋರಿಸಿದರು. "ಮೂಗ ತಿಕ್ಕು. ತಪ್ಪಾತು ಅನ್ನು. ಇಲ್ಲಂದ್ರ ನಾಳಿಂದ ಈ ಬಾಗಲಾ ತುಳೀಬ್ಯಾಡ."

ಆ ನೆಲ ನಾನೇ ಒರೆಸಿದ್ದು. ಮೂಗು ತಿಕ್ಕುವಷ್ಟು ಸ್ವಚ್ಛವಾಗಿತ್ತು. ಮನೆಯಲ್ಲಿ ಅವ್ವ ಇದ್ದಾಳೆ, ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಅದರ ಧೂಳಿಗೆ ಎದೆ ಕಟ್ಟಿದವಳು. ಈ ಕೆಲಸ ಹೋದರೆ ನಾನೂ ಅದೇ ಕಂಡಿಕೆಗೆ ಕೂರಬೇಕು, ಅದೇ ಕೆಮ್ಮು ಕೆಮ್ಮಬೇಕು. ಇದೆಲ್ಲ ತಲೆಯಲ್ಲಿ ಬಂತು. ಮೊಣಕಾಲು ಸ್ವಲ್ಪ ಬಗ್ಗಿತು ಕೂಡ. ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಗೋದಾಮು ಗಪ್ಪಾಯಿತು. ಆ ಮೌನದಲ್ಲಿ ಗಿರಮಲ್ಲಪ್ಪನ ಹೊಟ್ಟೆ ತನ್ನ ಮಾತು ಆಡಿತು. ಪೇಡೆ ಕೆಲಸ ಮಾಡಿತ್ತು. ಒಂದು ಸಲವಲ್ಲ, ದೀರ್ಘವಾಗಿ, ನಿಂತು ನಿಂತು, ಭಾಷಣದ ಹಾಗೆ. ಮಗ ತಂದು ಹಾಸಿಸಿದ್ದ ಹೊಸ ಚಾದರ ಹಳದಿಯಾಯಿತು.

"ಅಯ್ಯೋ ಯಪ್ಪಾ!" ಎಂದು ಮಾಳು ಕರವಸ್ತ್ರ ಮೂಗಿಗೆ ಹಿಡಿದ. ಎಲ್ಲರೂ ನನ್ನ ಕಡೆ ತಿರುಗಿದರು. ಮೂಗು ತಿಕ್ಕುವ ಕಾರ್ಯಕ್ರಮ ಮುಂದಕ್ಕೆ ಹೋಗಿತ್ತು.

"ಏನ ನೋಡತಿ? ತೊಳಿ," ಎಂದರು ಪರಮೇಶ.

ನಾನು ನೆಟ್ಟಗೆ ನಿಂತೆ. ಕೈ ಕಟ್ಟಿದೆ.

"ಎಲ್ಲಿಂದ ತೊಳೀಲ್ರಿ?"

"ಎಲ್ಲಿಂದ ಅಂದ್ರ?"

"ನಂದು ಉಡದಾರದ ಕೆಳಗಿನ ಕೆಲಸ. ಉಡದಾರ ಇಲ್ಲ. ಕೆಳಗ ಅನ್ನೂದು ಎಲ್ಲಿಂದ ಚಾಲೂ ಆಗತೈತಿ, ನನಗ ತಿಳೀವಲ್ದು. ತಪ್ಪಿ ಮ್ಯಾಲ ಕೈ ಹತ್ತಿದ್ರ? ಮೈಲಿಗಿ ಆಗೂದಿಲ್ಲೇನ್ರಿ ಯಜಮಾನರಿಗೆ?"

"ಚ್ಯಾಷ್ಟಿ ಮಾಡತಿಯೇನಲೇ?" ಎಂದ ಮಾಳು.

"ಇಲ್ರಿ, ಕಾಯ್ದೆ ಕೇಳಾಕತ್ತೇನಿ. ನಿಮ್ಮಪ್ಪನ ಸೊಂಟ ನೀವ ತೋರಸ್ರಿ. ಬೆರಳ ಹಚ್ಚಿ 'ಇಲ್ಲಿಂದ ಕೆಳಗ' ಅನ್ರಿ. ಮುಂದಿಂದು ನನಗ ಬಿಡ್ರಿ."

ಮಾಳು ಅಪ್ಪನ ಹತ್ತಿರ ಒಂದು ಹೆಜ್ಜೆ ಹೋದ. ಬೆರಳು ಚಾಚಿದ. ವಾಸನೆ ಎದುರು ಬಂತು. ಬೆರಳು ಗಾಳಿಯಲ್ಲೇ ನಿಂತಿತು, ಆಮೇಲೆ ಕಿಸೆಗೆ ಹೋಯಿತು. ಅಪ್ಪನ ಉಡದಾರಕ್ಕಾಗಿ ಊರು ಸುಡಲು ಬಂದವನು ಅಪ್ಪನ ಸೊಂಟ ಮುಟ್ಟಲಾರದೆ ನಿಂತ. ಗಿರಮಲ್ಲಪ್ಪ ಆ ಬೆರಳನ್ನೇ ನೋಡುತ್ತಿದ್ದ.

"ಪೂನಮ್, ನೀ ತೋರಸು," ಎಂದರು ಪರಮೇಶ.

ಪೂನಮ್ ನನ್ನನ್ನು ನೋಡಿದಳು. ಇಷ್ಟು ದಿನ ಮೇಲಿನ ಕೆಲಸದಲ್ಲಿ ಹಾಯಾಗಿ ಇದ್ದವಳು. ಅವಳ ಮೇಲೂ ನನಗೆ ಸಿಟ್ಟಿತ್ತು. "ನನಗೂ ತಿಳೀವಲ್ದ್ರಿ," ಎಂದಳು. "ಟ್ರೇನಿಂಗಿನಾಗ ಗೆರಿ ತೋರಿಸಿಲ್ರಿ." ಅಷ್ಟು ಹೇಳಿ ಹಿಂದೆ ಸರಿದಳು. ಅವಳಿಗೆ ಅದೇ ಬಹಳ.

ಮುದುಕ ಅದರಲ್ಲೇ ಬಿದ್ದಿದ್ದ. ಸೊಂಟದ ಹುಣ್ಣಿಗೆ ಅದು ತಾಗಿದರೆ ಎಷ್ಟು ಉರಿಯುತ್ತದೆ ಎಂದು ನನಗೆ ಗೊತ್ತು. ಕೈ ತಾನೇ ಮುಂದೆ ಹೋಗಲು ನೋಡುತ್ತಿತ್ತು, ನಾನು ಹಿಡಿದು ನಿಲ್ಲಿಸಿದೆ. ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಈ ಪಾಪ ಎನ್ನುವುದೊಂದು ನಮಗೇ ಯಾಕೆ ಅನ್ನಿಸಬೇಕು? ಬಿಳಿ ಅಂಗಿಗೆ ಯಾಕೆ ಅನ್ನಿಸುವುದಿಲ್ಲ? ಗಂಧಕ್ಕೆ ಯಾಕೆ ಅನ್ನಿಸುವುದಿಲ್ಲ?

"ಅಜ್ಜಾರ," ಎಂದೆ. "ಅರ್ಧಾ ಮನಷ್ಯಾನ ತೊಳಿಯೂದು ಇವತ್ತಿಗೆ ಬಂದ್. ಇಡೀ ಮನಷ್ಯಾ ಆದ್ರ ತೊಳೀತೇನಿ. ಮೊದಲ ಮಾರಿ. ಆಮ್ಯಾಲ ನನ್ನ ಕೈಲೆ ನೀರು. ಆಮ್ಯಾಲ ಕೆಳಗ. ಬ್ಯಾಡಂದ್ರ ನಾ ಹೊಂಟೆ. ನಿಮ್ಮ ಮಗ ಅದಾನ, ಮ್ಯಾನೇಜರ ಅದಾರ."

ಗಿರಮಲ್ಲಪ್ಪ ಮಗನ ಕಿಸೆಯೊಳಗಿನ ಕೈ ನೋಡಿದ. ನಾನು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲ ತನಕ ಹೋದೆ. ಅವನು ಕರೆಯುವುದಿಲ್ಲ ಎಂದೇ ಅಂದುಕೊಂಡೆ.

"ಮಾಳ್ಯಾ," ಎಂದು ಮುದುಕ ಗುಡುಗಿದ. ಹಿಂಡಿಗೆ ಕೂಗುತ್ತಿದ್ದ ದನಿ ಅದು. "ನಾನ ತಗಿ ಅಂದೆ. ಉಡದಾರ ನಾನ ತಗಿ ಅಂದೆ. ಉರೀತಿತ್ತು ನನಗ, ನಿನಗಲ್ಲ."

"ಅಪ್ಪಾ, ಅದು ಸತ್ತಮ್ಯಾಲ..."

"ಸತ್ತಮ್ಯಾಲ ಹರಿಯೂದು ಹರದಾತು. ಇನ್ನ ಸಾಯೂದೊಂದು ಉಳದೈತಿ. ಅದಕ್ಕೇನ ಅವಸರ ಇಲ್ಲ." ಅವನು ಉಸಿರು ತೆಗೆದುಕೊಂಡ. ಆಮೇಲೆ ಆ ಗೋದಾಮಿನಲ್ಲಿ ಯಾರೂ ಕೂಗದ ಹೆಸರನ್ನು ಕೂಗಿದ. "ಸಾವಕ್ಕಾ! ಬಾರಬೇ!"

ಸಾವು ಬರಲಿಲ್ಲ. ನಾನು ಬಂದೆ.

ಗ್ಲೌಸ್ ಹಾಕುವ ಮೊದಲು ಬರಿಗೈ ತೊಳೆದುಕೊಂಡೆ. "ಮುಟ್ಟತೇನ್ರಿ," ಎಂದೆ. "ಮುಟ್ಟು," ಎಂದ. ಹಣೆ ಒರೆಸಿದೆ, ಕಣ್ಣಿನ ಪಿಸುರು ತೆಗೆದೆ, ಕಿವಿಯ ಹಿಂದೆ ಒರೆಸಿದೆ. ಪೂನಮ್ ಇಷ್ಟು ದಿನ ಕಿವಿಯ ಹಿಂದೆ ಒರೆಸಿಯೇ ಇರಲಿಲ್ಲ, ಮಣ್ಣು ಕೂತಿತ್ತು. ತಂಬಿಗೆ ಎತ್ತಿ ಅವನ ತುಟಿಗೆ ಹಿಡಿದೆ. ತಂಬಿಗೆ ನೋಡಿದ. ನನ್ನ ಕೈ ನೋಡಿದ. ಗಟಗಟ ಕುಡಿದ. ಗಂಟಲು ಮೇಲೆ ಕೆಳಗೆ ಆಡಿತು. ನೀರಿಗೆ ಗಡಿ ಗೊತ್ತಿರಲಿಲ್ಲ, ನೆಟ್ಟಗೆ ಇಳಿದುಹೋಯಿತು.

"ಇನ್ನೊಂದ ಗುಟಕ," ಎಂದ.

ಆಮೇಲೆ ಎದೆ, ಹೊಟ್ಟೆ, ಹೊಕ್ಕಳು, ಸೊಂಟ, ಕೆಳಗೆ. ಎಲ್ಲೂ ನಿಲ್ಲಲಿಲ್ಲ. ಎಲ್ಲ ಒಂದೇ ಚರ್ಮ, ಒಂದೇ ಮುದುಕ.

ಬಕೆಟ್ ಎತ್ತುವಾಗ ಪರಮೇಶ ಹೇಳಿದರು: "ಕೆಲಸ ಆತಿಲ್ಲೋ? ಹೋಗು. ನಾಳಿಂದ ಬರಬ್ಯಾಡ."

ಮಗ್ಗ ಇನ್ನೂ ನಿಂತೇ ಇತ್ತು. ಪ್ಲೈವುಡ್ಡಿನ ಆಚೆಯಿಂದ ಬಾಳವ್ವನ ದನಿ ಬಂತು. "ಮ್ಯಾನೇಜರಪ್ಪಾ, ಆಕಿ ಬರಲಿಲ್ಲಂದ್ರ ನಾಳೆ ನೀ ಬಾ. ನಾ ನನ್ನ ಲಾಡಿ ಬಿಚ್ಚಿ ಒಗದೇನಿ. ಮ್ಯಾಲಿಂದ ಹಿಡದು ಕೆಳತನಕ ಎಲ್ಲಾ ನಿಂದ."

ಹೆಂಗಸರ ಕಡೆ ನಗು ಎದ್ದಿತು. ಹಲ್ಲಿಲ್ಲದ ಬಾಯಿಗಳ ನಗು. ಗಂಡಸರ ಕಡೆಯೂ ಯಾರೋ ನಕ್ಕರು. ನಾನು ನಗಲಿಲ್ಲ. ಕೆಲಸ ಕಳೆದುಕೊಂಡವಳು ನಾನು. ರಬಕವಿಯ ತನಕ ನಡೆದೇ ಹೋದೆ, ದಾರಿಯುದ್ದಕ್ಕೂ ಅತ್ತೆ.

ಮರುದಿನ ಬೆಳಿಗ್ಗೆ ಅವ್ವನ ಕಂಡಿಕೆಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದೆ. ಫೋನ್ ಬಂತು. ಪರಮೇಶ. ಹಿಂದೆ ಮಗ್ಗದ ಖಟಾಖಟ್, ಅದನ್ನೂ ಮೀರಿ ಬಾಳವ್ವನ ಬೈಗುಳ. ವಾಸನೆ ಫೋನಿನಲ್ಲಿ ಬರುವುದಿಲ್ಲ, ಆದರೂ ನನಗೆ ಬಂತು.

"ಏ ಕೆಳಗಿನಾಕಿ..."

"ರಾಂಗ್ ನಂಬರ್ ರಿ," ಎಂದು ಕಟ್ ಮಾಡಿದೆ.

ಮತ್ತೆ ಬಂತು. "ಸಾವಕ್ಕ. ಬಾ."

"ತಂಬಿಗಿ ನಾ ಮುಟ್ಟತೇನ್ರಿ. ಗುಳಿಗಿನೂ ಕೊಡತೇನಿ, ಪೂನಮ್ ಕುಂಡಿನೂ ತೊಳೀತಾಳ. ಹರದಿದ್ದ ಗ್ಲೌಸ್ ಹಾಕಂಗಿಲ್ಲ. ಮೂಗ ತಿಕ್ಕಂಗಿಲ್ಲ."

ಮಗ್ಗ ಹೊಡೆದುಕೊಳ್ಳುತ್ತಿತ್ತು. ಅದರ ನಡುವೆ "ಆತು" ಎಂಬ ಸಣ್ಣ ದನಿ ಕೇಳಿತು. "ಬಾ ಇನ್ನ."

"ಬಾ ಅಲ್ರಿ. ಬರ್ರಿ ಅನ್ರಿ."

ಅವರು ಏನೋ ಗೊಣಗಿದರು.

"ಕೇಳಸವಲ್ದ್ರಿ. ಮಗ್ಗದ ಸಪ್ಪಳ ಭಾಳ ಐತಿ."

ಆಗ ಬನಹಟ್ಟಿಯ ಆ ಗೋದಾಮಿನ ನಡುವೆ ನಿಂತು, ಸಾಯುವ ದಾರಿ ಕಾಯುತ್ತಿದ್ದ ಎಲ್ಲ ಮುದುಕ ಮುದುಕಿಯರಿಗೂ ಕೇಳುವಂತೆ, ಹಣೆಯ ಗಂಧದ ಮ್ಯಾನೇಜರ್ ಪರಮೇಶ ಗಂಟಲು ಹರಿಯುವಂತೆ ಕೂಗಿದರು:

"ಸಾವಕ್ಕಾರ! ಲಗೂನ ಬರ್ರೀ!"

ನಾನು ಚಹಾ ಮುಗಿಸಿದೆ. ಲೋಟ ತೊಳೆದಿಟ್ಟು ಹೊರಟೆ.